ಸರ್ಕಲ್ಲಿಗೆ ಅಕ್ಕೋರ ಹೆಸರು ಬೇಡ, ಅವರ ಪಡಸಾಲೆಯ ಬಾಗಿಲು ತೆರೆದಿರಲಿ

ನಮ್ಮ ಪುರಸಭೆಯ ಅಧ್ಯಕ್ಷರಿಗೆ, ಸದಸ್ಯರಿಗೆ, ಮತ್ತು ಅಕ್ಕೋರ ಕೈಯಲ್ಲಿ ಅಕ್ಷರ ಕಲಿತ ಎಲ್ಲರಿಗೂ ನಮಸ್ಕಾರ.

ನಮ್ಮೂರ ಸಾಲಿಯ ಟೀಚರ್ ಆಗಿದ್ದ ಅಕ್ಕೋರು ಹೋಗಿ ಇನ್ನೂ ಒಂದು ತಿಂಗಳು ಆಗಿಲ್ಲ. 92 ವರ್ಷ ಬದುಕಿದರು. ಮಣ್ಣಿಗೆ ಹೋದ ದಿನ ಪೇಟೆಯ ಅಂಗಡಿಗಳು ತಾವಾಗಿಯೇ ಮುಚ್ಚಿದ್ದವು, ಯಾರೂ ಹೇಳಿರಲಿಲ್ಲ. ಆಮೇಲಿನ ವಾರ ಪುರಸಭೆಯಲ್ಲಿ ಒಂದು ಮಾತು ಬಂತು ಅಂತ ಕೇಳಿದೆ. ಬಸ್ ಸ್ಟ್ಯಾಂಡ್ ಎದುರಿನ ಸರ್ಕಲ್ಲಿಗೆ ಅವರ ಹೆಸರು ಇಡಬೇಕು, ನಡುವೆ ಒಂದು ಕಂಚಿನ ಮೂರ್ತಿ ನಿಲ್ಲಿಸಬೇಕು, ಸುತ್ತ ಗ್ರಿಲ್ ಹಾಕಿ ಲೈಟ್ ಹಾಕಬೇಕು ಅಂತ. ಎಲ್ಲ ಪಕ್ಷದವರೂ ಒಪ್ಪಿದರಂತೆ. ನಮ್ಮೂರಲ್ಲಿ ಎಲ್ಲರೂ ಒಂದು ವಿಷಯಕ್ಕೆ ಒಪ್ಪುವುದು ಅಪರೂಪ. ಅದಕ್ಕೇ ಅಡ್ಡ ಮಾತಾಡಲು ಸ್ವಲ್ಪ ಸಂಕೋಚ ಆಗುತ್ತಿದೆ.

ಆದರೂ ಹೇಳುತ್ತೇನೆ. ಮೂರ್ತಿ ಬೇಡ.

ಮೊದಲು ಕಾಯ್ದೆಯ ಮಾತು ಹೇಳಿ ಮುಗಿಸಿಬಿಡುತ್ತೇನೆ. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿದೆ. ರಸ್ತೆ, ಫುಟ್‌ಪಾತ್, ಜನ ಓಡಾಡುವ ಇಂಥ ಜಾಗಗಳಲ್ಲಿ ಹೊಸದಾಗಿ ಮೂರ್ತಿ ನಿಲ್ಲಿಸಲು ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದು ಅಂತ. ದೇಶದ ತುಂಬ ಅದನ್ನು ಎಷ್ಟು ಜನ ಪಾಲಿಸಿದ್ದಾರೆ ಅನ್ನುವುದು ಬೇರೆ ಮಾತು. ಆದರೆ ರಸ್ತೆಯ ಎಡಗಡೆ ಬಿಟ್ಟು ನಡೆದರೆ ಕಿವಿ ಹಿಂಡುತ್ತಿದ್ದ ಹೆಂಗಸಿನ ಮೂರ್ತಿಯನ್ನು ರಸ್ತೆ ನಡುವೆ, ಅದೂ ಕೋರ್ಟಿನ ಮಾತು ಮೀರಿ ನಿಲ್ಲಿಸುವುದು ನಗೆಪಾಟಲು ಅಲ್ವಾ?

ನನ್ನ ನಿಜವಾದ ಕಾರಣ ಕಾಯ್ದೆ ಅಲ್ಲ. ಮೂರ್ತಿ ನಿಂತರೆ ಅಕ್ಕೋರ ಲೆಕ್ಕ ಚುಕ್ತಾ ಆಯಿತು ಅಂದುಕೊಳ್ಳುತ್ತೇವೆ. ವರ್ಷಕ್ಕೊಮ್ಮೆ ಹಾರ ಹಾಕುತ್ತೇವೆ. ಅವರು ದಿನಾ ಸಂಜೆ ಕೂತು ಓದು ಬರಹ ಕಲಿಸುತ್ತಿದ್ದ ಮನೆಯ ಪಡಸಾಲೆಗೆ ಮಾತ್ರ ಬೀಗ ಬಿದ್ದಿರುತ್ತದೆ. ಇವತ್ತೂ ಬಿದ್ದಿದೆ, ಹೋಗಿ ನೋಡಿ.

ಚಿಕ್ಕವರಿಗೆ ಅಕ್ಕೋರು ಅಂದರೆ ಗೋಡೆಗೆ ಒರಗಿ ಕೂತು, ದಪ್ಪ ಕನ್ನಡಕದಲ್ಲಿ ಪೇಪರ್ ಓದುತ್ತಿದ್ದ ಅಜ್ಜಿ. ಅವರಿಗಾಗಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು.

ದಾಖಲೆ ಪ್ರಕಾರ ಅಕ್ಕೋರು ಹುಟ್ಟಿದ್ದು 1933ರ ಜೂನ್ 1ಕ್ಕೆ. ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದ್ದು. ಸಾಲಿಗೆ ಸೇರಿಸುವಾಗ ಮಾಸ್ತರು ಹುಡುಗನ ಮುಖ ನೋಡಿ ಒಂದು ಇಸವಿ ಅಂದಾಜು ಮಾಡಿ, ತಾರೀಖು ಮಾತ್ರ ಜೂನ್ 1 ಅಂತ ಬರೆದುಬಿಡುತ್ತಿದ್ದರು. ತಮಗೆ ಹಾಗೆ ಆದದ್ದು ಅಕ್ಕೋರಿಗೆ ಇಡೀ ಜನ್ಮ ಸಿಟ್ಟು. ಅದಕ್ಕೇ ತಾವು ಅಕ್ಕೋರಾದ ಮೇಲೆ ಯಾವ ಮಗುವಿಗೂ ಸುಮ್ನೆ ಜೂನ್ 1 ಬರೆಯಲಿಲ್ಲ. ತಾಯಿಯನ್ನು ಕೂರಿಸಿಕೊಂಡು ಕೇಳುತ್ತಿದ್ದರು. ಯುಗಾದಿ ಮುಂಚೆಯೋ ಆಮೇಲೋ? ಕಾರಹುಣ್ಣಿಮೆಗೆ ಎಷ್ಟು ದಿನ ಇತ್ತು? ಹೊಲದಲ್ಲಿ ಜೋಳ ನಿಂತಿತ್ತೋ ಕೊಯ್ಲಾಗಿತ್ತೋ? ನನ್ನ ಹೆಸರು ಹಚ್ಚುವ ದಿನ ಅಮ್ಮನ ಹತ್ತಿರ ಅರ್ಧ ತಾಸು ಹೀಗೆ ಕೇಳಿ, ಹಳೆಯ ಪಂಚಾಂಗ ತೆಗೆದು ನೋಡಿ, ಕಡೆಗೆ ತಾರೀಖು ಬರೆದರಂತೆ. ನನ್ನ ಹುಟ್ಟಿದ ದಿನ ನನಗೆ ಸರಿಯಾಗಿ ಗೊತ್ತಿದ್ದರೆ ಅದು ಅವರಿಂದ.

ಅವರ ಒಂದೇ ಮನೆಗೆ ಎಷ್ಟು ವಿಳಾಸ ನೋಡಿ. ಹುಟ್ಟುವಾಗ ಮುಂಬಯಿ ಪ್ರಾಂತ್ಯ. ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ರಾಜ್ಯ. 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ. 1973ರಲ್ಲಿ ಕರ್ನಾಟಕ. ಧಾರವಾಡ ಜಿಲ್ಲೆಯಲ್ಲಿದ್ದದ್ದು 1997ರಲ್ಲಿ ಹಾವೇರಿ ಜಿಲ್ಲೆಗೆ ಬಂತು. ಅಕ್ಕೋರು ಮಾತ್ರ ಅದೇ ಕಟ್ಟೆ, ಅದೇ ಬಾಗಿಲು. ಮುಲ್ಕಿ ಪರೀಕ್ಷೆ ಪಾಸಾಗಿದ್ದರು. ಆಗ ಏಳನೇ ಇಯತ್ತೆ ಮುಗಿಸಿ ಬರೆಯುವ ಪರೀಕ್ಷೆ ಅದು, ಪಾಸಾದರೆ ಮಾಸ್ತರಿಕೆ ಸಿಗುತ್ತಿತ್ತು. 1951ರಲ್ಲಿ ಸ್ಕೂಲ್ ಬೋರ್ಡಿನ ಕೆಲಸಕ್ಕೆ ಸೇರಿದರು. ಆಮೇಲೆ ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿಕೊಂಡು ಬಂದರು. ಮದುವೆ ಆಗಿತ್ತು, ಗಂಡ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ಈ ಭಾಗವನ್ನು ಅವರು ಒಂದೇ ವಾಕ್ಯದಲ್ಲಿ ಹೇಳುತ್ತಿದ್ದರು. ನಾನೂ ಅಷ್ಟೇ ಹೇಳುತ್ತೇನೆ.

ಅವರು ಖುಷಿಯಿಂದ ಉದ್ದಕ್ಕೆ ಹೇಳುತ್ತಿದ್ದ ಕಥೆ ಆಣೆಯದು. 1957ರ ಏಪ್ರಿಲ್ 1ರಿಂದ ನಯಾ ಪೈಸೆ ಬಂತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, 64 ಪೈಸೆ. ಇನ್ನು ಮುಂದೆ ರೂಪಾಯಿಗೆ 100 ನಯಾ ಪೈಸೆ. ಹಳೆ ನಾಣ್ಯ, ಹೊಸ ನಾಣ್ಯ ಎರಡೂ ಕೆಲವು ವರ್ಷ ಒಟ್ಟಿಗೇ ಓಡಾಡಿದವು. ಒಂದು ಆಣೆಗೆ ಸರಿಯಾಗಿ ಲೆಕ್ಕ ಹಾಕಿದರೆ ಆರೂಕಾಲು ಪೈಸೆ. ಕಾಲು ಪೈಸೆ ಎಲ್ಲಿಂದ ತರುವುದು? ಹಾಗಾಗಿ ಸರ್ಕಾರ ಒಂದು ಕೋಷ್ಟಕ ಕೊಟ್ಟಿತು. 1 ಆಣೆಗೆ 6, 2 ಆಣೆಗೆ 12, 3 ಆಣೆಗೆ 19, 4 ಆಣೆಗೆ 25. ಸಂತೆಯಲ್ಲಿ ದಿನವೂ ಜಗಳ. ಆಣೆಗೊಂದು ಗುಂಪು ಬದನೆಕಾಯಿ ಮಾರುವ ಮುದುಕಿಯ ಹತ್ತಿರ ನಾಲ್ಕು ಸಲ ಬಂದು ಒಂದೊಂದೇ ಗುಂಪು ಒಯ್ದರೆ 24 ಪೈಸೆ. ಒಟ್ಟಿಗೆ ನಾಲ್ಕು ಗುಂಪು ತಗೊಂಡರೆ 25. ಜಾಣರು ಒಂದೊಂದೇ ಒಯ್ಯುತ್ತಿದ್ದರು.

24 ವರ್ಷದ ಅಕ್ಕೋರು ಏನು ಮಾಡಿದರು ಗೊತ್ತಾ? ಸಾಲಿಯ ಒಂದು ಹಳೆ ಕರಿಹಲಗೆಯನ್ನು ಇಬ್ಬರು ಹುಡುಗರ ತಲೆ ಮೇಲೆ ಹೊರಿಸಿ, ಸಂತೆಯ ದಿನ ಬೇವಿನ ಮರಕ್ಕೆ ಒರಗಿಸಿ ನಿಲ್ಲಿಸಿದರು. ಕೋಷ್ಟಕ ಬರೆದರು. ಪಕ್ಕದಲ್ಲಿ ನಾಲ್ಕನೇ ಇಯತ್ತೆಯ ಮಕ್ಕಳನ್ನು ಕೂರಿಸಿದರು. ಯಾರಿಗೆ ಅನುಮಾನ ಬಂದರೂ ಮಕ್ಕಳನ್ನೇ ಕೇಳಬೇಕು. ಲೆಕ್ಕದ ಪಾಠ ಅದೇ. ಮುಂದೆ ಸೇರು, ಮಣ ಹೋಗಿ ಕಿಲೋ ಬಂದಾಗ ಮತ್ತೆ ಅದೇ ಹಲಗೆ, ಅದೇ ಬೇವಿನ ಮರ. ‘ಸಾಲಿ ಅಂದ್ರ ನಾಕ ಗ್ವಾಡಿ ಅಲ್ಲಪಾ’ ಅಂತ ಅವರು ಹೇಳುತ್ತಿದ್ದದ್ದು ಭಾಷಣದ ಮಾತಲ್ಲ. ಅವರು ಆ ಹಲಗೆ ಹೊರಿಸಿದ್ದವರು.

ನಮ್ಮದು ಬ್ಯಾಡಗಿಗೆ ಹತ್ತಿರದ ಸೀಮೆ. ಮೆಣಸಿನಕಾಯಿ ಹಂಗಾಮು ಬಂದರೆ ಸಾಲಿಯಲ್ಲಿ ಹೆಣ್ಣುಮಕ್ಕಳ ಸಾಲು ಖಾಲಿ. ತಾಯಿಯ ಜೊತೆ ಕೂತು ತೊಟ್ಟು ಮುರಿಯುವ ಕೆಲಸ. ಎಷ್ಟು ಕಿಲೋ ಮುರಿದರೆ ಅಷ್ಟು ಕೂಲಿ. ನನ್ನ ಅಕ್ಕನೂ ಹೋಗುತ್ತಿದ್ದಳು. ಒಂದು ದಿನ ಬೆಳಿಗ್ಗೆ ತೊಟ್ಟು ಮುರಿದು ಮಧ್ಯಾಹ್ನ ಸಾಲಿಗೆ ಬಂದಳು. ಪಾಟಿ ಒರೆಸಿ ಕಣ್ಣು ಉಜ್ಜಿಕೊಂಡಳು ಅಷ್ಟೇ, ಚೀರತೊಡಗಿದಳು. ಅಕ್ಕೋರು ಅವಳನ್ನು ಎತ್ತಿಕೊಂಡು ಹೋಗಿ ನೀರಿನಿಂದ ಕಣ್ಣು ತೊಳೆದರು. ಆಮೇಲೆ ಅವಳ ಅಂಗೈ ಬಿಡಿಸಿ ನೋಡಿದರಂತೆ. ಬೆರಳ ತುದಿ ಕೆಂಪಗೆ ಬೆಂದ ಹಾಗಿತ್ತು.

ಮರುದಿನದಿಂದ ಅಕ್ಕೋರು ಸಾಲಿ ಬಿಟ್ಟ ಮೇಲೆ ಮೆಣಸಿನಕಾಯಿ ರಾಶಿ ಹಾಕಿದ ಅಂಗಳಗಳಿಗೆ ನಡೆದರು. ಬೈಯಲು ಅಲ್ಲ. ತಾವೂ ಕೂತು ತೊಟ್ಟು ಮುರಿಯುತ್ತ ಮಾತಾಡುತ್ತಿದ್ದರು. ‘ಹಂಗಾಮು ಮುಗೀಲ್ರಿ ಅಕ್ಕೋರ, ಆಮ್ಯಾಲ ಕಳಸ್ತೀವಿ’ ಅಂತ ಹೆಂಗಸರು ಅನ್ನೋರು. ‘ಹಂಗಾಮು ವರ್ಷಾ ಬರತೈತಿ, ಹುಡುಗಿಗೆ ಹತ್ತು ವರ್ಷ ಒಂದ ಸಲಾ ಬರತೈತಿ’ ಅಂತ ಅಕ್ಕೋರು. ಕಡೆಗೆ ಒಂದು ಒಪ್ಪಂದ ಆಯಿತು. ಹುಡುಗಿಯರು ಬೆಳಿಗ್ಗೆ ಸಾಲಿಗೆ, ಸಂಜೆ ಬೇಕಾದರೆ ಅಂಗಳಕ್ಕೆ. ಇದು ಆದರ್ಶ ಅಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತಿತ್ತು. ಮಕ್ಕಳು ಆ ಕೆಲಸ ಮಾಡಲೇಬಾರದಿತ್ತು. ಆದರೆ ಅಕ್ಕೋರು ಪೂರ್ತಿ ಗೆಲ್ಲುವ ತನಕ ಕಾಯುವವರಲ್ಲ. ಅರ್ಧ ಸಿಕ್ಕರೆ ಅರ್ಧ ಇಸಿದುಕೊಂಡು ಬರುವವರು. ನನ್ನ ಅಕ್ಕ ಏಳನೇ ಇಯತ್ತೆ ಮುಗಿಸಿದ್ದು ಆ ಅರ್ಧದಿಂದ.

ಅವರನ್ನು ದೇವರು ಮಾಡುವುದೂ ಬೇಡ. ಫುಟ್‌ಪಟ್ಟಿಯಿಂದ ಹೊಡೆಯುತ್ತಿದ್ದರು, ನನ್ನ ಗೆಣ್ಣಿಗೂ ಬಿದ್ದಿದೆ. ಅಕ್ಷರ ವಾರೆಯಾದರೆ ಅವರಿಗೆ ತಡೆಯುತ್ತಿರಲಿಲ್ಲ. ನಮ್ಮ ಇಯತ್ತೆಯಲ್ಲಿ ಒಬ್ಬ ಎಡಚ ಇದ್ದ. ಅವನ ಎಡಗೈಯನ್ನು ಬೆನ್ನ ಹಿಂದೆ ಇಡಿಸಿ, ಬಲಗೈಯಲ್ಲೇ ಬರೆಯಬೇಕು ಅಂತ ವರ್ಷವಿಡೀ ಹಟ ಹಿಡಿದರು. ಅವನು ಬರೆಯುವುದನ್ನೇ ಬಿಟ್ಟ, ಆಮೇಲೆ ಸಾಲಿಯನ್ನೂ ಬಿಟ್ಟ.

ಎಷ್ಟೋ ವರ್ಷದ ನಂತರ ಅವನು ಬಡಿಗನಾಗಿ ಅವರ ಮನೆಗೆ ಬಂದ. ಪುಸ್ತಕದ ಕಪಾಟು ಮಾಡುವ ಕೆಲಸ. ಅವತ್ತು ನಾನು ಅಲ್ಲೇ ಪೇಪರ್ ಓದುತ್ತ ಕೂತಿದ್ದೆ. ಅವನು ಎಡಗೈಯಲ್ಲಿ ಉಜ್ಜುಗೊರಡು ಹಿಡಿದು ಹಲಗೆ ನಯ ಮಾಡುತ್ತಿದ್ದ. ಸುರುಳಿ ಸುರುಳಿಯಾಗಿ ಹೊಟ್ಟು ಬೀಳುತ್ತಿತ್ತು. ಅಕ್ಕೋರು ಬಹಳ ಹೊತ್ತು ನೋಡಿದರು. ಆಮೇಲೆ ಚಹಾ ತಂದು ಅವನ ಎದುರಿಗೆ ಇಟ್ಟು, ‘ಆ ಕೈಯಿಂದ ಬರೀಲಿಕ್ಕೆ ಬಿಟ್ಟಿದ್ರ ಎಷ್ಟ್ ಚಂದ ಬರೀತಿದ್ದಿ. ನಾ ತಪ್ಪ ಮಾಡೀನಪಾ’ ಅಂದರು. ಅವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ‘ಇರ್ಲಿ ಬಿಡ್ರಿ ಅಕ್ಕೋರ’ ಅಂದು ಮತ್ತೆ ಗೊರಡು ಎತ್ತಿಕೊಂಡ. ಮಕ್ಕಳಿಗೆ ಹೊಡೆಯುವುದನ್ನು, ಮನಸ್ಸಿಗೆ ನೋವು ಕೊಡುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಈಗ ಪೂರ್ತಿ ನಿಷೇಧ ಮಾಡಿದೆ. 2010ರ ಏಪ್ರಿಲ್‌ನಿಂದ ಜಾರಿಗೆ ಬಂತು. ಪೇಪರಿನಲ್ಲಿ ಅದನ್ನು ಓದಿ, ‘ನಮ್ಮ ಕಾಲಕ್ಕ ಬರಬೇಕಿತ್ತು’ ಅಂದಿದ್ದರು. ಆ ಕಪಾಟು ಇನ್ನೂ ಇದೆ. ಒಂದು ಬಾಗಿಲೂ ಸೊಟ್ಟ ಆಗಿಲ್ಲ.

ಪಡಸಾಲೆ ಶುರುವಾದ ಕಥೆಗೆ ಬರುತ್ತೇನೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಜನಗಣತಿ ಮಾಡುವವರು ಮಾಸ್ತರರೇ ಅಂತ ನಿಮಗೆ ಗೊತ್ತು. ಅಕ್ಕೋರು 1961, 71, 81, 91 ನಾಲ್ಕೂ ಗಣತಿ ಮಾಡಿದವರು. ಕಡೆಯದ್ದು 1991ರ ಫೆಬ್ರವರಿ. ಮನೆಮನೆಯ ಎಣಿಕೆ ಮುಗಿದ ಮೇಲೆ 28ರ ರಾತ್ರಿ ಮನೆ ಇಲ್ಲದವರನ್ನು ಎಣಿಸಬೇಕು. ಬಸ್ ಸ್ಟ್ಯಾಂಡ್, ಗುಡಿಯ ಕಟ್ಟೆ, ಅಂಗಡಿಯ ಜಗುಲಿ, ಎಲ್ಲೆಲ್ಲಿ ಜನ ಮಲಗಿರುತ್ತಾರೋ ಅಲ್ಲೆಲ್ಲ. ನಾನು ಆಗ ನಾಲ್ಕನೇ ಇಯತ್ತೆ. ನಮ್ಮ ಮನೆ ಬಸ್ ಸ್ಟ್ಯಾಂಡಿನ ಎದುರಿಗೇ. ಬ್ಯಾಟರಿ ಹಿಡಿಯಲು ಬಾ ಅಂತ ನನ್ನನ್ನು ಕರೆದುಕೊಂಡು ಹೋದರು.

ಒಂಬತ್ತು ಜನ ಸಿಕ್ಕರು. ಕಡೆಯವನು ಹೋಟೆಲಿನ ಬೆಂಚಿನ ಮೇಲೆ ಮಲಗಿದ್ದ ಹುಡುಗ. ಹಗಲು ಅಲ್ಲೇ ಕಪ್ಪು ಬಸಿ ತೊಳೆಯುತ್ತಿದ್ದ. ವಯಸ್ಸು ಎಷ್ಟು ಅಂದರೆ ಗೊತ್ತಿಲ್ಲ. ‘ಹಲ್ಲ ತೋರಸು’ ಅಂದರು ಅಕ್ಕೋರು. ನಾನು ಬ್ಯಾಟರಿ ಬಿಟ್ಟೆ. ಬಾಯಿ ನೋಡಿ 12 ಅಂತ ಬರೆದುಕೊಂಡರು. ಮುಂದಿನ ಪ್ರಶ್ನೆ, ಓದು ಬರಹ ಬರುತ್ತದೆಯೇ? ಆ ಸಲದ ಗಣತಿಯಲ್ಲಿ ಏಳು ವರ್ಷ ಮೇಲ್ಪಟ್ಟವರನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯಬೇಕಿತ್ತು. ಅವನು ಹೂಂ ಅಂದ. ಅಕ್ಕೋರು ಪೆನ್ಸಿಲ್ ಕೊಟ್ಟು ‘ನಿನ್ನ ಹೆಸರು ಬರಿ’ ಅಂದರು. ಅವನು ಪೆನ್ಸಿಲ್ ಹಿಡಿದು ಬಹಳ ಹೊತ್ತು ಕಾಗದ ನೋಡಿದ. ಒಂದು ಗೀಟು ಎಳೆದ. ಅದರ ಕೆಳಗೆ ಇನ್ನೊಂದು. ಪೆನ್ಸಿಲ್ ವಾಪಸ್ ಕೊಟ್ಟ.

ವಾಪಸ್ ಬರುವಾಗ ಅಕ್ಕೋರು ಮಾತಾಡಲಿಲ್ಲ. ನಮ್ಮ ಮನೆಯ ಬಾಗಿಲಿಗೆ ಬಂದಾಗ, ನನಗೆ ಅಲ್ಲ, ತಮಗೇ ಹೇಳಿಕೊಂಡ ಹಾಗೆ, ‘ನಲವತ್ತು ವರ್ಷ ಆತು ಕಲಸಾಕ ಹತ್ತಿ. ಈ ಹುಡುಗ ನನ್ನ ಸಾಲಿಯಿಂದ ನೂರು ಮಾರು ದೂರ ಮಲಗತಾನ’ ಅಂದರು.

ಆ ಗಣತಿಯ ಲೆಕ್ಕ ಬಂದಾಗ ಕರ್ನಾಟಕದಲ್ಲಿ ಓದು ಬರಹ ಬಲ್ಲವರು ನೂರಕ್ಕೆ 56.04. ಹೆಂಗಸರಲ್ಲಿ 44.34. ಈ ಅಂಕಿ ಎರಡನ್ನೂ ಅವರು ಪಡಸಾಲೆಯ ಗೋಡೆಗೆ ಸುಣ್ಣದ ಬಳಪದಲ್ಲಿ ಬರೆದಿದ್ದರು. 2011ರಲ್ಲಿ ಅದು 75.36 ಆದಾಗ ಪಕ್ಕದಲ್ಲಿ ಅದನ್ನೂ ಬರೆದರು. ‘ಇನ್ನೂ ಕಾಲು ಭಾಗ ಐತಿ’ ಅಂತ ಅಷ್ಟೇ ಮಾತು.

1991ರ ಮೇ 31ಕ್ಕೆ ರಿಟೈರ್ ಆದರು. ಆಗ 58ಕ್ಕೆ ನಿವೃತ್ತಿ. ಬೀಳ್ಕೊಡುಗೆ ಸಮಾರಂಭದಲ್ಲಿ ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ. ಜೂನ್‌ನಲ್ಲಿ ಸಾಲಿ ಶುರುವಾದ ದಿನವೇ ಪಡಸಾಲೆಯೂ ಶುರು. ಸಂಜೆ 7ರಿಂದ 9. ಮೊದಲ ವಿದ್ಯಾರ್ಥಿ ಆ ಹೋಟೆಲಿನ ಹುಡುಗ. ಹೋಟೆಲಿನವರ ಹತ್ತಿರ ಹೋಗಿ, ಆ ಎರಡು ತಾಸು ಅವನನ್ನು ಬಿಡಬೇಕು ಅಂತ ಹೇಳಿ ಬಂದಿದ್ದರು. ಕೇಳಿ ಬಂದಿರಲಿಲ್ಲ, ಹೇಳಿ ಬಂದಿದ್ದರು. ಹೋಟೆಲಿನವರೂ ಅವರ ಹತ್ತಿರವೇ ಓದಿದವರಲ್ಲವೇ, ತುಟಿ ಬಿಚ್ಚಲಿಲ್ಲ.

ಅದೇ ಕಾಲಕ್ಕೆ ಸಾಕ್ಷರತಾ ಆಂದೋಲನ ಬಂತು. 1988ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಾಕ್ಷರತಾ ಮಿಷನ್ ಅದರ ಹಿಂದಿತ್ತು. 15ರಿಂದ 35 ವಯಸ್ಸಿನವರಿಗೆ ಓದು ಕಲಿಸುವುದು ಗುರಿ. ಅಕ್ಕೋರು ಮೇಲಿನ ಗೆರೆಯನ್ನೂ ನೋಡಲಿಲ್ಲ, ಕೆಳಗಿನದನ್ನೂ ನೋಡಲಿಲ್ಲ. 60 ದಾಟಿದ ಹೆಂಗಸರು ಬಂದರು. ಬಸ್ಸಿನ ಬೋರ್ಡ್ ಓದಬೇಕು, ಅಷ್ಟು ಸಾಕು ಅಂತ ಒಬ್ಬರು. ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತುವುದು ನಾಚಿಕೆ ಅಂತ ಇನ್ನೊಬ್ಬರು. ಆಂದೋಲನ ಮುಗಿಯಿತು, ಬ್ಯಾನರ್ ಹರಿಯಿತು. ಪಡಸಾಲೆ 30 ವರ್ಷ ದಾಟಿ ನಡೆಯಿತು.

ಅಲ್ಲಿ ಒಂದು ಕಟ್ಟುನಿಟ್ಟು ಇತ್ತು, ನೀವೆಲ್ಲ ಅನುಭವಿಸಿದ್ದೀರಿ. ಯಾರಾದರೂ ಅರ್ಜಿ ಬರೆದುಕೊಡಿ ಅಂತ ಹೋದರೆ ಅಕ್ಕೋರು ಬರೆಯುತ್ತಿರಲಿಲ್ಲ. ‘ನೀನ ಬರಿ, ನಾ ಹೇಳತೀನಿ’ ಅನ್ನುತ್ತಿದ್ದರು. ರೇಷನ್ ಕಾರ್ಡ್, ವಿಧವಾ ವೇತನ, ಹೊಲದ ಉತಾರ, ಮಗನಿಗೆ ಪತ್ರ, ಏನೇ ಇರಲಿ. ಒಂದು ಅರ್ಜಿಗೆ ಮೂರು ಸಂಜೆ ಬೇಕಾದರೂ ಸರಿ. ಜನ ಬೈದುಕೊಳ್ಳುತ್ತಿದ್ದರು. ಹೊರಗೆ ಹತ್ತು ರೂಪಾಯಿ ಕೊಟ್ಟರೆ ಐದು ನಿಮಿಷಕ್ಕೆ ಬರೆದುಕೊಡುವವರು ಇದ್ದರು. ಆದರೆ ಹೀಗೆ ಒಂದು ಅರ್ಜಿ ಬರೆದ ಹೆಂಗಸು ಎರಡನೆಯದಕ್ಕೆ ಅಕ್ಕೋರ ಹತ್ತಿರ ಬರುತ್ತಿರಲಿಲ್ಲ, ಪಕ್ಕದ ಮನೆಯವಳಿಗೂ ತಾನೇ ಹೇಳಿಕೊಡುತ್ತಿದ್ದಳು. ಓದಿದವರಿಗೂ ಅದೇ ನಿಯಮ. ಡಿಗ್ರಿ ಮುಗಿಸಿ ಬಂದ ನನಗೂ ‘ನೀನ ಬರಿ’ ಅಂದಿದ್ದರು.

ಪೋಲಿಯೋ ಹನಿಯ ಕೆಲಸ ಬಹಳ ಜನಕ್ಕೆ ನೆನಪಿದೆ. 1995ರ ಡಿಸೆಂಬರ್‌ನಲ್ಲಿ ಪಲ್ಸ್ ಪೋಲಿಯೋ ಮೊದಲ ಸುತ್ತು. ರಿಟೈರ್ ಆಗಿದ್ದರೂ ಬೂತಿನಲ್ಲಿ ಬಂದು ಕೂತರು. ಭಾರತದಲ್ಲಿ ಕಡೆಯ ಪೋಲಿಯೋ ಕೇಸು 2011ರ ಜನವರಿ 13ರದ್ದು. 2014ರ ಮಾರ್ಚ್ 27ಕ್ಕೆ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟು ಬಂತು. ನಮ್ಮ ಓಣಿಯಲ್ಲಿ ಹನಿ ಹಾಕಿಸಲು ಹಿಂಜರಿದ ಮನೆಗಳಿಗೆ ಅಕ್ಕೋರು ಹೋದರೆ ಮಾತು ಬೆಳೆಯುತ್ತಿರಲಿಲ್ಲ. ‘ನಿಮ್ಮಪ್ಪಗ ನಾ ಅ ಆ ಕಲಿಸೀನಿ, ನಿನ್ನ ಮಗಗ ವಿಷಾ ಹಾಕತೀನೇನ?’ ಅಷ್ಟೇ.

ಕಡೆಗಾಲದ ಒಂದು ಸಂಗತಿ ಹೇಳಲೇಬೇಕು. ಪಿಂಚಣಿದಾರರು ವರ್ಷಕ್ಕೊಮ್ಮೆ ನವೆಂಬರ್‌ನಲ್ಲಿ ತಾವು ಬದುಕಿದ್ದೇವೆ ಅಂತ ಪ್ರಮಾಣ ಪತ್ರ ಕೊಡಬೇಕು. 2014ರಲ್ಲಿ ಬೆರಳಚ್ಚಿನ ಮೇಲೆ ಕೊಡುವ ಜೀವನ್ ಪ್ರಮಾಣ್ ಬಂತು. ಒಳ್ಳೆಯ ಯೋಜನೆಯೇ, ಸರಿಯಾಗಿ ನಡೆದರೆ. 2019ರ ನವೆಂಬರ್‌ನಲ್ಲಿ ನಾನು ಅಕ್ಕೋರನ್ನು ಒಂದು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ. ಅವರಿಗೆ ಆಗ 86. ಮಶೀನ್ ಅವರ ಬೆರಳು ಗುರುತಿಸಲಿಲ್ಲ. ಒಂದೊಂದೇ ಬೆರಳು, ಹತ್ತೂ ಆಯಿತು. ಒರೆಸಿ ಇಟ್ಟರು, ಎಣ್ಣೆ ಹಚ್ಚಿ ಇಟ್ಟರು, ಆಗಲಿಲ್ಲ. ಸುಣ್ಣದ ಬಳಪ, ಪಾಟಿ, ಮೆಣಸಿನಕಾಯಿ, ವಯಸ್ಸು, ಯಾವುದು ಆ ಗೆರೆ ತಿಂದಿತ್ತೋ. ಕೌಂಟರಿನ ಹುಡುಗ ತಲೆ ಎತ್ತದೆ, ‘ಅಮ್ಮಾ, ಸಿಸ್ಟಮ್‌ನಲ್ಲಿ ನೀವು ಬರ್ತಾ ಇಲ್ಲ, ನಾಳೆ ಬನ್ನಿ’ ಅಂದ.

ಅಕ್ಕೋರು ಒಂದು ಕ್ಷಣ ಸುಮ್ಮನಿದ್ದರು. ‘ಹಾಜರಿ ಕರೀಯಪಾ. ಇದ್ದೇನ್ರೀ ಅಂತೀನಿ.’

ಸಾಲಿನಲ್ಲಿದ್ದವರೆಲ್ಲ ನಕ್ಕರು. ಹುಡುಗನೂ ನಕ್ಕ. ಆದರೂ ನಾವು ಮೂರು ಸಲ ಹೋಗಬೇಕಾಯಿತು. ಆ ಮೂರೂ ದಿನ ಅಲ್ಲಿ ಕೂತು ಅವರು ಬೇರೆಯವರ ಫಾರಂ ನೋಡುತ್ತಿದ್ದರು. ಬರೆದುಕೊಡಲಿಲ್ಲ, ಬರೆಸುತ್ತಿದ್ದರು.

ಈಗ ನನ್ನ ಬೇಡಿಕೆ. ಅಧ್ಯಕ್ಷರೇ, ಮೂರ್ತಿಗೆ ಅಂತ ಇಟ್ಟ ಹಣ ನನಗೆ ಬೇಡ. ಪಡಸಾಲೆಗೂ ಜಾಸ್ತಿ ಬೇಕಿಲ್ಲ. ಹೆಂಚು ತಿರುವಿ ಹಾಕಿಸಬೇಕು, ಒಂದು ಮೂಲೆಯಲ್ಲಿ ಸೋರುತ್ತದೆ. ನಾಲ್ಕು ಟ್ಯೂಬ್‌ಲೈಟ್. ಕರೆಂಟಿನ ಬಿಲ್ಲು. ಹೊಸ ಪುಸ್ತಕ. ಪುಸ್ತಕಕ್ಕೆ ದುಡ್ಡು ಎಲ್ಲಿಂದ ಅಂದರೆ ನಮ್ಮ ಮನೆಯ ತೆರಿಗೆ ರಸೀದಿ ನೋಡಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಅಂತ ನಮ್ಮಿಂದ ತಗೊಳ್ಳುತ್ತೀರಿ. ಅದನ್ನು ಗ್ರಂಥಾಲಯ ಇಲಾಖೆಗೆ ಕೊಡಬೇಕು, ಪುರಸಭೆ ತನಗೆ ಬೇಕಾದ ಹಾಗೆ ಖರ್ಚು ಮಾಡುವಂತಿಲ್ಲ. ಇದು ನನಗೂ ಗೊತ್ತು. ಆದ್ದರಿಂದ ಪುರಸಭೆಯಿಂದ ಇಲಾಖೆಗೆ ಒಂದು ಪತ್ರ ಹೋಗಲಿ, ಈ ಪಡಸಾಲೆಗೆ ಪುಸ್ತಕ, ಪತ್ರಿಕೆ ಕೊಡಿ ಅಂತ. ಊರಿನ ಗ್ರಂಥಾಲಯದ ಮೇಲೆ ನನ್ನ ದೂರೇನಿಲ್ಲ. ಆದರೆ ಕೂಲಿ ಮುಗಿಸಿ, ಅಡುಗೆ ಮಾಡಿ ಬರುವವರಿಗೆ ಬಿಡುವು ಸಿಗುವುದು ರಾತ್ರಿ 7ರ ಮೇಲೆ. ಅಷ್ಟು ಹೊತ್ತಿಗೆ ತೆರೆದಿರುತ್ತಿದ್ದದ್ದು ಅಕ್ಕೋರ ಬಾಗಿಲು ಒಂದೇ.

ಮನೆ ಈಗ ಅಕ್ಕೋರ ತಮ್ಮನ ಮಗಳಿಗೆ ಸೇರಿದ್ದು. ಅವರು ಪುಣೆಯಲ್ಲಿದ್ದಾರೆ. ಫೋನ್ ಮಾಡಿ ಮಾತಾಡಿದೆ. ಪಡಸಾಲೆ ಮತ್ತು ಕಪಾಟು ಊರಿಗೆ ಬಿಟ್ಟುಕೊಡಲು ಒಪ್ಪಿದ್ದಾರೆ, ಬಾಡಿಗೆ ಬೇಡ ಅಂದಿದ್ದಾರೆ. ಒಂದೇ ಷರತ್ತು, ರಾತ್ರಿ ಬಾಗಿಲು ಸರಿಯಾಗಿ ಹಾಕಬೇಕು.

ಕಷ್ಟದ ಭಾಗ ಹಣ ಅಲ್ಲ, ಆ ಎರಡು ತಾಸು. ಒಬ್ಬರು ಅಲ್ಲಿ ಕೂರಬೇಕು. ದಿನಕ್ಕೆ ಒಬ್ಬರು ಅಂದರೆ ವಾರಕ್ಕೆ ಏಳು ಜನ. ಅಕ್ಕೋರು ಆ ಏಳೂ ಜನರ ಕೆಲಸ ಒಬ್ಬರೇ ಮಾಡುತ್ತಿದ್ದರು ಅಂತ ಅವರು ಹೋದ ಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ನಾಲ್ಕು ಜನ ಸಿಕ್ಕಿದ್ದಾರೆ. ಭಾನುವಾರ ನಾನು. ಮಂಗಳವಾರ ನಮ್ಮ ಅಕ್ಕ, ಮೊಮ್ಮಗನನ್ನು ಕರೆದುಕೊಂಡು ಬರುತ್ತಾಳಂತೆ. ಗುರುವಾರ ಎಡಗೈ ಬಡಿಗ. ‘ನನಗ ಕಲಸಾಕ ಬರೂದಿಲ್ಲ, ಆದ್ರ ಬಾಗಲಾ ತಗದು ಕೂಡತೀನಿ’ ಅಂದ. ಸಾಕು, ಬಾಗಿಲು ತೆಗೆದು ಕೂಡುವವರೇ ಬೇಕಾಗಿರುವುದು. ಶನಿವಾರ ಹೋಟೆಲಿನವನು. ಹೌದು, ಅವನೇ. ಅವತ್ತು ಎರಡು ಗೀಟು ಎಳೆದವನು. ಬಸ್ ಸ್ಟ್ಯಾಂಡಿನ ಅದೇ ಹೋಟೆಲ್ ಈಗ ಅವನದು. ತಿಂಡಿಯ ಹೆಸರುಗಳನ್ನು ಬೋರ್ಡಿನ ಮೇಲೆ ಬಳಪದಲ್ಲಿ ತಾನೇ ಬರೆಯುತ್ತಾನೆ, ಅಕ್ಕೋರದೇ ಅಕ್ಷರ, ದುಂಡಗೆ. ಪಡಸಾಲೆಯ ಕೀಲಿಕೈ ಅವನ ಗಲ್ಲಾದ ಹತ್ತಿರ ಮೊಳೆಗೆ ತೂಗು ಹಾಕಿದೆ.

ಸೋಮವಾರ, ಬುಧವಾರ, ಶುಕ್ರವಾರ ಖಾಲಿ. ಯಾರಾದರೂ ಬರುವುದಿದ್ದರೆ ಅವನಿಗೆ ಹೇಳಿ. ಬೆಂಗಳೂರು, ಹುಬ್ಬಳ್ಳಿಯಲ್ಲಿ ಇರುವವರು ಹಬ್ಬಕ್ಕೆ ಬಂದಾಗ ಒಂದು ಸಂಜೆ ಕೂತರೂ ಆಯಿತು.

ಇನ್ನೊಂದು ವಿಷಯ ಉಳಿಯಿತು. ಅಕ್ಕೋರು ಪುಸ್ತಕ ಕೊಡುವಾಗ ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆಸಿಕೊಳ್ಳುತ್ತಿದ್ದರು. ಯಾರು ಒಯ್ದರೋ ಅವರ ಕೈಯಿಂದಲೇ ಬರೆಸುತ್ತಿದ್ದರು, ಬೇರೆ ಹೇಗೆ? ಕಳೆದ ವಾರ ಕೂತು ಅದನ್ನು ಪೂರ್ತಿ ನೋಡಿದೆ. 37 ಪುಸ್ತಕ ವಾಪಸ್ ಬಂದಿಲ್ಲ. ಅದರಲ್ಲಿ ಒಂದು ನನ್ನ ಹೆಸರಿನಲ್ಲಿದೆ, ಅಟ್ಟದ ಮೇಲೆ ಸಿಕ್ಕಿತು, ತಂದು ಇಟ್ಟಿದ್ದೇನೆ. ಉಳಿದವರೂ ಹುಡುಕಿ ತಂದುಕೊಡಿ. ದಂಡ ಇಲ್ಲ.

ಅಧ್ಯಕ್ಷರೇ, ನಿಮ್ಮ ಹೆಸರಿನಲ್ಲೂ ಒಂದು ಇದೆ. 1994ರಿಂದ.

ಇಂತಿ,
ಅಕ್ಕೋರ ನಾಲ್ಕನೇ ಇಯತ್ತೆಯಲ್ಲಿ ಬ್ಯಾಟರಿ ಹಿಡಿದ ಹುಡುಗ